ಸಂಶೋಧನಾ ವಿದ್ಯಾರ್ಥಿಯ ಬೆನ್ನಿಗೆ ಯಾರಿದ್ದಾರೆ?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಂವಹನ ವಿಷಯದಲ್ಲಿ ಎಂ.ಎ., ಪಿಎಚ್‌.ಡಿ.ಗೆ ಸೇರಿದವರು ಬಹಳ ಕಡೆ ಮೊದಲ ಸೆಮಿಸ್ಟರಿನಲ್ಲೇ ಪಾಠ ಮಾಡಲೂ ನಿಲ್ಲಬೇಕಾಗುತ್ತದೆ. ಪದವಿ ವಿದ್ಯಾರ್ಥಿಗಳಿಗೆ ಭಾಷಣ ಕಲೆಯ ಆರಂಭಿಕ ಕೋರ್ಸು ಅಲ್ಲಿ ಅನೇಕ ಕಡೆ ಕಡ್ಡಾಯ. ಅಷ್ಟು ತರಗತಿಗಳಿಗೆ ಕಾಯಂ ಅಧ್ಯಾಪಕರು ಸಾಲದೆ ಬೋಧನಾ ಸಹಾಯಕರ ಪದ್ಧತಿ ಬೇರೂರಿತು. ಪಾಠ ಹೇಳಿದ್ದಕ್ಕೆ ಶುಲ್ಕ ಮಾಫಿ, ಒಂದಿಷ್ಟು ಸ್ಟೈಪೆಂಡ್. ತನ್ನ ಸಂಶೋಧನಾ ವಿದ್ಯಾರ್ಥಿಗಳನ್ನು ಹೇಗೆ ಬೆಳೆಸಬೇಕು ಎಂಬ ಪ್ರಶ್ನೆಯನ್ನು ಈ ಕ್ಷೇತ್ರ ಗಂಭೀರವಾಗಿ ಕೈಗೆತ್ತಿಕೊಂಡದ್ದಕ್ಕೆ ಈ ಅನಿವಾರ್ಯತೆಯೇ ಮುಖ್ಯ ಕಾರಣ ಎಂದು ನಾನು ನಂಬುತ್ತೇನೆ.

1914ರಲ್ಲಿ ಭಾಷಣ ಕಲೆಯ 17 ಅಧ್ಯಾಪಕರು ಇಂಗ್ಲಿಷ್ ಅಧ್ಯಾಪಕರ ಸಂಘಟನೆಯಿಂದ ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಂಡರು. ಅದೇ ಇಂದಿನ ನ್ಯಾಷನಲ್ ಕಮ್ಯುನಿಕೇಶನ್ ಅಸೋಸಿಯೇಶನ್. ಪತ್ರಿಕೋದ್ಯಮದ ಕವಲು 1908ರಲ್ಲಿ ಮಿಸೌರಿಯಲ್ಲಿ ಶುರುವಾಗಿತ್ತು. ಆ ವಿಷಯದ ಮೊದಲ ಪಿಎಚ್‌.ಡಿ. ಕೂಡ 1934ರಲ್ಲಿ ಅಲ್ಲೇ ಬಂತು. ಸಂವಹನವನ್ನು ಸ್ವತಂತ್ರ ಸಂಶೋಧನಾ ವಿಷಯವಾಗಿ ನಿಲ್ಲಿಸಿದವರಲ್ಲಿ ಮುಂಚೂಣಿಯವರು ವಿಲ್ಬರ್ ಶ್ರಾಮ್. ಚಿಕ್ಕಂದಿನ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ತೀವ್ರವಾದ ಉಗ್ಗು ಅಂಟಿಕೊಂಡಿತ್ತು. ಶಾಲೆಯ ಬೀಳ್ಕೊಡುಗೆಯಲ್ಲಿ ಭಾಷಣ ಮಾಡಬೇಕಾದ ಸರದಿ ಬಂದಾಗ ಅವರು ಕೊಳಲು ನುಡಿಸಿದ್ದರು. ಅಯೋವಾ ವಿಶ್ವವಿದ್ಯಾಲಯದತ್ತ ಅವರನ್ನು ಸೆಳೆದ ಕಾರಣಗಳಲ್ಲಿ ಅಲ್ಲಿನ ಉಗ್ಗು ಚಿಕಿತ್ಸೆಯೂ ಒಂದು. ಅಂಥವರು 1947ರಲ್ಲಿ ಇಲಿನಾಯ್ಸ್‌ನಲ್ಲಿ ಸಂವಹನ ಸಂಶೋಧನಾ ಸಂಸ್ಥೆ ಕಟ್ಟಿದರು, ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋದರು.

ಆ ದಶಕಗಳಲ್ಲಿ ವಿದ್ಯಾರ್ಥಿಯ ಏಳುಬೀಳೆಲ್ಲ ಮಾರ್ಗದರ್ಶಕರ ಕೈಯಲ್ಲೇ ಇತ್ತು. ಒಳ್ಳೆಯ ಗೈಡ್ ಸಿಕ್ಕಿದರೆ ದಡ ಸೇರಿದ, ಇಲ್ಲವಾದರೆ ಇಲ್ಲ. 1970ರಲ್ಲಿ ಜೇಮ್ಸ್ ಮೆಕ್‌ಕ್ರಾಸ್ಕಿ ಮಾತಿನ ಭಯವನ್ನು ಅಳೆಯುವ ಮಾಪನವೊಂದನ್ನು ಮುಂದಿಟ್ಟರು. ನಾಲ್ಕು ಜನರ ಮುಂದೆ ಗಂಟಲು ಒಣಗುವುದು ಹುಟ್ಟಿನಿಂದ ಬಂದ ದಡ್ಡತನವಲ್ಲ, ಅಧ್ಯಯನ ಮಾಡಿ ನೆರವಾಗಬಹುದಾದ ಸ್ಥಿತಿ ಎಂಬ ತಿಳಿವಳಿಕೆಗೆ ಅದರಿಂದ ಬಲ ಬಂತು.

ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1989ರದು. ಜೋ ಸ್ಪ್ರೇಗ್ ಮತ್ತು ಜೋಡಿ ನೈಕ್ವಿಸ್ಟ್, ಇಬ್ಬರೂ ಸಂವಹನ ಕ್ಷೇತ್ರದವರೇ, ಬೋಧನಾ ಸಹಾಯಕರು ಬೆಳೆಯುವ ಹಾದಿಯನ್ನು ಮೂರು ಹಂತಗಳಲ್ಲಿ ಗುರುತಿಸಿದರು. ಮೊದಲು ಆತ ಹಿರಿಯ ವಿದ್ಯಾರ್ಥಿ ಅಷ್ಟೆ. ಹುಡುಗರು ತನ್ನನ್ನು ಒಪ್ಪಿಕೊಳ್ಳುತ್ತಾರೋ ಇಲ್ಲವೋ ಎಂಬುದೇ ಅವನ ಚಿಂತೆ. ಮೇಲಿನವರು ಹೇಳಿದ್ದೇ ಅವನಿಗೆ ಆಧಾರ. ಎರಡನೆಯದು ತರಬೇತಿಯಲ್ಲಿರುವ ಸಹೋದ್ಯೋಗಿಯ ಹಂತ: ಪಾಠದ ಕೌಶಲದ ಮೇಲೆ ಗಮನ ಹೋಗುತ್ತದೆ, ಸ್ವಂತ ದಾರಿ ಹಿಡಿಯುವ ತವಕ ಹುಟ್ಟುತ್ತದೆ, ವಿದ್ಯಾರ್ಥಿಗಳಿಂದ ತುಸು ದೂರವೂ ಆಗುತ್ತಾನೆ. ಮೂರನೆಯ ಹಂತದಲ್ಲಿ ಆತ ಕಿರಿಯ ಸಹೋದ್ಯೋಗಿ. ಹುಡುಗರು ಏನು ಕಲಿತರು ಎಂದು ಆಗ ಕೇಳಿಕೊಳ್ಳುತ್ತಾನೆ. ಮೂವರಿಗೂ ಒಂದೇ ಕಾರ್ಯಾಗಾರ ಹಾಕಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಮೊದಲನೆಯವನಿಗೆ ಕೈಹಿಡಿದು ತೋರಿಸುವ ಮೇಲ್ವಿಚಾರಕ ಬೇಕು. ಕೊನೆಯವನಿಗೆ ಸರಿಸಮವಾಗಿ ಚರ್ಚಿಸುವ ಹಿರಿಯ ಬೇಕು.

1993ರಲ್ಲಿ ಶುರುವಾದ ‘ಪ್ರಿಪೇರಿಂಗ್ ಫ್ಯೂಚರ್ ಫ್ಯಾಕಲ್ಟಿ’ ಕಾರ್ಯಕ್ರಮ ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಸಣ್ಣ ಕಾಲೇಜುಗಳ ದಿನನಿತ್ಯದ ಕೆಲಸಕ್ಕೂ ಪರಿಚಯಿಸಿತು. ಮುಂದೆ ಅದು ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆ ಹರಡಿದಾಗ ಸಂವಹನದ ಸಂಘವೂ ಕೈಜೋಡಿಸಿತು. ಪ್ರಬಂಧ ಬರೆಯುವ ಶಿಬಿರಗಳು, ವಿಶ್ವವಿದ್ಯಾಲಯದ ಹೊರಗಿನ ಉದ್ಯೋಗಗಳ ಬಗೆಗಿನ ಸಲಹೆ ಈ ಶತಮಾನದಲ್ಲಿ ಸಾಮಾನ್ಯವಾದವು. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಮೂರು ನಿಮಿಷದಲ್ಲಿ ಪ್ರಬಂಧ ವಿವರಿಸುವ ಸ್ಪರ್ಧೆ ಶುರುಮಾಡಿತು. ಬರಗಾಲದಲ್ಲಿ ನೀರು ಉಳಿಸಲು ಅಲ್ಲಿನವರು ಸ್ನಾನದ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಮೂರು ನಿಮಿಷದ ಗಡಿಯಾರವೇ ಅದಕ್ಕೆ ಪ್ರೇರಣೆ.

ನಮ್ಮಲ್ಲಿ ಕಥೆ ಬೇರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮ ಬೋಧನೆ ಆರಂಭವಾಯಿತು. 1965ರಲ್ಲಿ ದೆಹಲಿಯಲ್ಲಿ ಭಾರತೀಯ ಸಮೂಹ ಸಂವಹನ ಸಂಸ್ಥೆ ಹುಟ್ಟಿತು. ಅದರ ಹಿಂದೆ ಫೋರ್ಡ್ ಪ್ರತಿಷ್ಠಾನದ ಪರವಾಗಿ ಬಂದ ಶ್ರಾಮ್ ನೇತೃತ್ವದ ತಂಡದ ಶಿಫಾರಸೂ ಇತ್ತು. ಇಲ್ಲಿ ಪತ್ರಕರ್ತರನ್ನು ತಯಾರು ಮಾಡುವುದಕ್ಕೆ ಸಿಕ್ಕ ಒತ್ತು ಸಂಶೋಧಕರನ್ನು ಬೆಳೆಸುವುದಕ್ಕೆ ಸಿಗಲಿಲ್ಲ. ನೆರವು ಬಂದದ್ದೆಲ್ಲ ಹೆಚ್ಚಾಗಿ ಯುಜಿಸಿ ನಿಯಮಗಳ ರೂಪದಲ್ಲಿ: ಜೆಆರ್‌ಎಫ್, ನೆಟ್, 2009ರ ಕೋರ್ಸ್‌ವರ್ಕ್, ಆಮೇಲೆ ಸಂಶೋಧನಾ ನೈತಿಕತೆಯ ಪತ್ರಿಕೆ.

ಹೀಗಿರುವಾಗ 2022ರ ನಿಯಮಾವಳಿಯ ಒಂದು ಅಂಶ ನನಗೆ ಬಹಳ ಮಹತ್ವದ್ದಾಗಿ ಕಾಣುತ್ತದೆ. ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಬೋಧನೆ ಮತ್ತು ಬರವಣಿಗೆಯ ತರಬೇತಿ ಕೊಡಬೇಕು, ವಾರಕ್ಕೆ ನಾಲ್ಕರಿಂದ ಆರು ಗಂಟೆ ಬೋಧನಾ ಅಥವಾ ಸಂಶೋಧನಾ ಸಹಾಯಕರ ಕೆಲಸವನ್ನೂ ವಹಿಸಬಹುದು ಎನ್ನುತ್ತದೆ ಅದು. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಸಿದ್ಧಾಂತ ಗ್ರಂಥಗಳ ಜತೆ ಗುದ್ದಾಡುತ್ತ ಪ್ರಬಂಧ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಆ ಗಂಟೆಗಳು ದೊಡ್ಡ ಅವಕಾಶ. ಆದರೆ ಅತಿಥಿ ಉಪನ್ಯಾಸಕರ ಕೊರತೆ ತುಂಬಲು ಅವರನ್ನು ತರಗತಿಗೆ ದೂಡಿದರೆ ತರಬೇತಿ ಆಗುವುದಿಲ್ಲ. ವಿಭಾಗದ ಹಿರಿಯರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಬೇಕು, ಆಮೇಲೆ ಅರ್ಧ ಗಂಟೆ ಮಾತಾಡಬೇಕು, ಅದು ಅವರ ಕಾರ್ಯಭಾರದ ಲೆಕ್ಕಕ್ಕೂ ಸೇರಬೇಕು. ಮೊದಲ ವರ್ಷದವರಿಗೆ ಇದು ವಾರವಾರವೂ ನಡೆಯಲಿ. ಪ್ರಬಂಧ ಮುಗಿಸುವ ಹೊತ್ತಿನವರಿಗೆ ತಿಂಗಳಿಗೊಮ್ಮೆ ಸಾಕು.