ಅರಿವಿನ ಕನಸು: ಲಂಡನ್ನಿನ ಶಾಲಾ ವೇಳಾಪಟ್ಟಿಯ ನಡುವೆ

ಏನಿದು?

ಕನಸು ನಡೆಯುತ್ತಿರುವಾಗಲೇ ‘ಇದು ಕನಸು’ ಎಂದು ಕಾಣುವವರಿಗೆ ಗೊತ್ತಾಗುವುದೇ ಲೂಸಿಡ್ ಡ್ರೀಮಿಂಗ್. ಇಲ್ಲಿ ಅದನ್ನು ಅರಿವಿನ ಕನಸು ಎಂದು ಕರೆದಿದೆ. ಹಾರುವುದು, ಗೋಡೆ ದಾಟುವುದು, ಕನಸನ್ನು ಬೇಕಾದ ಕಡೆ ತಿರುಗಿಸುವುದು ಇವೆಲ್ಲ ಬೋನಸ್ಸು. ಗೊತ್ತಾದರೆ ಸಾಕು, ಅದು ಅರಿವಿನ ಕನಸೇ. ಹೊಸಬರಲ್ಲಿ ಅನೇಕರಿಗೆ ಗೊತ್ತಾದ ಖುಷಿಗೇ ಎಚ್ಚರವಾಗಿಬಿಡುತ್ತದೆ.

ಇದೇನೂ ಸಿದ್ಧರಿಗಷ್ಟೇ ಒಲಿಯುವ ವಿದ್ಯೆಯಲ್ಲ. ನಾರ್ಥಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 50 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2016ರಲ್ಲಿ ಕೊಟ್ಟ ಅಂದಾಜಿನಂತೆ, ಸುಮಾರು ಶೇ 55 ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ. ಜರ್ಮನಿಯಲ್ಲಿ 6ರಿಂದ 19 ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚಿಕ್ಕ ಮಕ್ಕಳಲ್ಲಿ ಇದು ಸಾಕಷ್ಟು ಕಂಡುಬಂತು. 16ರ ಹೊತ್ತಿಗೆ ಇಳಿಯಿತು. ಇಂಗ್ಲೆಂಡಿನ ಲೆಕ್ಕದಲ್ಲಿ ಅದು ಜಿಸಿಎಸ್ಇ ಪರೀಕ್ಷೆ ಬರೆಯುವ ವಯಸ್ಸು.

ಲಂಡನ್ನಿನ ಪ್ರಬಂಧ, ಹಲ್‌ನ ಶನಿವಾರ

ಲೂಸಿಡ್ ಡ್ರೀಮ್ ಎಂಬ ಹೆಸರು ಚಲಾವಣೆಗೆ ಬಂದದ್ದೇ ಲಂಡನ್ನಿನ ಮೂಲಕ. ಡಚ್ ವೈದ್ಯ, ಲೇಖಕ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ, 1882ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್‌ಗಾಗಿ ಕನಸುಗಳ ಮೇಲೊಂದು ಪ್ರಬಂಧ ಬರೆದರು. 1898ರಿಂದ 1912ರವರೆಗೆ ತಾವು ಬರೆದಿಟ್ಟ 352 ಅರಿವಿನ ಕನಸುಗಳು ಅದಕ್ಕೆ ಆಧಾರ.

ಆದರೂ ವಿಜ್ಞಾನಿಗಳು ಬಹುಕಾಲ ನಂಬಲಿಲ್ಲ. ನಿದ್ದೆಯಲ್ಲಿರುವವನಿಗೆ ಅರಿವಿದೆ ಎಂದು ಹೊರಗಿನವರಿಗೆ ಗೊತ್ತಾಗುವುದು ಹೇಗೆ? ದಾರಿ ಸಿಕ್ಕಿದ್ದು ಹಲ್ ವಿಶ್ವವಿದ್ಯಾಲಯದಲ್ಲಿ, 1975ರ ಏಪ್ರಿಲ್ 12ರ ಬೆಳಗ್ಗೆ. ಕನಸಿನ ಹೊತ್ತಿನಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಾಗಿ ಅಲುಗಾಡುವುದಿಲ್ಲ, ಕಣ್ಣು ಮಾತ್ರ ಆಡುತ್ತದೆ. ಹಾಗಾಗಿ ಸಂಶೋಧಕ ಕೀತ್ ಹರ್ನ್, ಕನಸು ಎಂದು ತಿಳಿದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಲೆಕ್ಕವಿಟ್ಟು ಹೊರಳಿಸಬೇಕೆಂದು ಪ್ರಯೋಗಕ್ಕಾಗಿ ಮಲಗಿದ್ದ ಅಲನ್ ವರ್ಸ್ಲಿಗೆ ಮೊದಲೇ ಹೇಳಿಟ್ಟಿದ್ದರು. ವರ್ಸ್ಲಿ ಹೊರಳಿಸಿದರು, ಕಣ್ಣಿನ ಚಲನೆ ದಾಖಲಿಸುವ ಯಂತ್ರದ ಕಾಗದದ ಮೇಲೆ ಗೆರೆ ಮೂಡಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಇದನ್ನೇ ಸ್ವತಂತ್ರವಾಗಿ ಸಾಧಿಸಿ 1981ರಲ್ಲಿ ಪ್ರಕಟಿಸಿದರು. 2021ರಲ್ಲಂತೂ ನಾಲ್ಕು ದೇಶಗಳ ಪ್ರಯೋಗಾಲಯಗಳು ನಿದ್ದೆಯಲ್ಲಿದ್ದವರಿಗೆ ಸಣ್ಣ ಲೆಕ್ಕ ಕೊಟ್ಟವು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಿದಾಗ ಮಲಗಿದ್ದವನೊಬ್ಬ ಕಣ್ಣನ್ನು ಎರಡು ಸಲ ಹೊರಳಿಸಿ ಉತ್ತರ ಕೊಟ್ಟ.

1975ರ ಆ ಏಪ್ರಿಲ್ 12 ಶನಿವಾರ. ಶಾಲೆಗೆ ಹೋಗುವವರು ನಿದ್ದೆ ಮುರಿದು ಅಭ್ಯಾಸ ಮಾಡುವುದಿದ್ದರೆ ಆರಿಸಬೇಕಾದದ್ದೂ ಇಂಥ ಶಾಲೆಯಿಲ್ಲದ ದಿನವನ್ನೇ. ಯಾಕೆಂದು ತಿಳಿಯಲು ಮೊದಲು ನಿದ್ದೆಯ ಲೆಕ್ಕ ನೋಡಬೇಕು.

ಬೆಳಗಿನ ಜಾವದ ಲೆಕ್ಕ

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ನಿಜವಾಗುವುದೋ ಇಲ್ಲವೋ, ನೆನಪಿನಲ್ಲಿ ಉಳಿಯುವುದು ಆ ಹೊತ್ತಿನದೇ. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಕಣ್ಣು ಚುರುಕಾಗಿ ಆಡುವ ರೆಮ್ ನಿದ್ದೆ ಬರುತ್ತದೆ. 1953ರಲ್ಲಿ ಷಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ವರದಿ ಮಾಡಿದರು. ಕಣ್ಣಿಗೆ ಕಟ್ಟುವಂಥ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿ. ಮೊದಲ ಸುತ್ತಿನಲ್ಲಿ ರೆಮ್ ಹತ್ತು ನಿಮಿಷದಷ್ಟಿದ್ದರೆ, ಬೆಳಗಿನ ಸುತ್ತುಗಳಲ್ಲಿ ಅರ್ಧ ಗಂಟೆ ದಾಟುವುದುಂಟು.

ಈಗ ಲಂಡನ್ನಿನ ಒಂದು ಸಾಮಾನ್ಯ ಮನೆಯ ಲೆಕ್ಕ ಹಾಕೋಣ. ಹ್ಯಾರೋನಲ್ಲೋ ಹೌನ್ಸ್ಲೋನಲ್ಲೋ ಇರುವ ಇಯರ್ ನೈನ್ ತರಗತಿಯ ಹದಿಹರೆಯದ ಹುಡುಗಿ. ಶಾಲೆಯ ಹಾಜರಿ 8:40ಕ್ಕೆ, ಎರಡು ಬಸ್ಸು ಹಿಡಿಯಬೇಕು, ಏಳುವುದು 6:30ಕ್ಕೆ. ಹೋಮ್‌ವರ್ಕ್, ಫೋನು ಎಲ್ಲ ಮುಗಿದು ನಿದ್ದೆ ಹತ್ತುವುದು 11ಕ್ಕೆ. ಸಿಕ್ಕಿದ್ದು ಏಳೂವರೆ ಗಂಟೆ. ಹದಿಹರೆಯದವರಿಗೆ ತಜ್ಞರು ಹೇಳುವುದು 8ರಿಂದ 10 ಗಂಟೆ. ಕಡಿಮೆಬಿದ್ದ ಆ ಅರ್ಧದಿಂದ ಎರಡೂವರೆ ಗಂಟೆ ಕತ್ತರಿಸಿ ಹೋಗುವುದು ಬೆಳಗಿನ ತುದಿಯಿಂದ, ಅಂದರೆ ಕನಸುಗಳು ಹೆಚ್ಚಿರುವ ಕಡೆಯಿಂದಲೇ. ಇದರ ಮೇಲೆ ‘ಅಭ್ಯಾಸ’ಕ್ಕೆಂದು ನಸುಕಿನ 4ಕ್ಕೆ ಅಲಾರಂ ಇಟ್ಟರೆ ಇದ್ದ ಬಂಡವಾಳವನ್ನೂ ಕಳೆದುಕೊಂಡಂತೆ. ಅರಿವಿನ ಕನಸು ಬೇಕೆನ್ನುವ ವಿದ್ಯಾರ್ಥಿ ವಾರದ ದಿನಗಳಲ್ಲಿ ಮಾಡಬಹುದಾದ ಅತಿ ದೊಡ್ಡ ಸಾಧನೆ ಹತ್ತು ಗಂಟೆಯೊಳಗೆ ಮಲಗುವುದು. ಕೇಳಲು ಸಪ್ಪೆ, ಆದರೆ ಬೇರೆ ಯಾವ ತಂತ್ರವೂ ಇದಿಲ್ಲದೆ ನಡೆಯುವುದಿಲ್ಲ.

ತಡವಾಗಿ ನಿದ್ದೆ ಬರುವುದು ಬರೀ ಸೋಮಾರಿತನವೂ ಅಲ್ಲ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಸರಿಯುತ್ತದೆ, ಮೆಲಟೋನಿನ್ ತಡವಾಗಿ ಏರುತ್ತದೆ. ಇದನ್ನು ಗಮನಿಸಿ ಲಂಡನ್ನಿನ ಅಂಚಿನ ಹ್ಯಾಂಪ್ಟನ್ ಕೋರ್ಟ್ ಹೌಸ್ ಶಾಲೆ 2014ರಲ್ಲಿ ಶಾಲೆಯ ಕೊನೆಯ ಹಂತವಾದ ಸಿಕ್ಸ್ತ್ ಫಾರ್ಮ್ ತರಗತಿಗಳನ್ನು ಮಧ್ಯಾಹ್ನ 1:30ಕ್ಕೆ ಶುರುಮಾಡಿ ಸಂಜೆ 7ಕ್ಕೆ ಮುಗಿಸುವ ಪ್ರಯೋಗ ಮಾಡಿತು. ತಂದೆತಾಯಿಯರ ಆಫೀಸು, ಬಸ್ಸಿನ ವೇಳೆ, ಸಂಜೆಯ ಆಟ ಎಲ್ಲವೂ ಬೆಳಗಿನ ಗಂಟೆಗೇ ಕಟ್ಟುಬಿದ್ದಿರುವ ಊರಿನಲ್ಲಿ ಉಳಿದ ಶಾಲೆಗಳಿಗೆ ಅದು ಸುಲಭದ ಮಾತಲ್ಲ.

ವಾರದ ದಿನ: ದಿನಚರಿ ಮತ್ತು ಪರೀಕ್ಷೆ

ಶಾಲೆಯ ದಿನಗಳಿಗೆ ನಿದ್ದೆ ತಿನ್ನದ ಎರಡು ಕೆಲಸ ಸಾಕು.

ಮೊದಲನೆಯದು ಕನಸಿನ ದಿನಚರಿ. ಎದ್ದ ತಕ್ಷಣ ಮಗ್ಗುಲು ಬದಲಿಸದೆ, ಕಣ್ಣು ಮುಚ್ಚಿಕೊಂಡೇ ಕೊನೆಯ ದೃಶ್ಯ ಯಾವುದಿತ್ತೆಂದು ನೆನೆಸಿಕೊಂಡು, ಆಮೇಲೆ ನಾಲ್ಕು ಪದ ಗೀಚುವುದು. ‘ಮೈಸೂರಿನ ಮನೆ, ಹಿತ್ತಲಲ್ಲಿ ಟ್ಯೂಬ್ ರೈಲು, ಅಜ್ಜಿ ಇಂಗ್ಲಿಷ್‌ನಲ್ಲಿ ಬೈದಳು’ ಎಂಬಷ್ಟು ಸಾಕು. ಕೆಲವು ವಾರಗಳಲ್ಲಿ ಮತ್ತೆ ಮತ್ತೆ ಬರುವ ಅಸಂಬದ್ಧಗಳು ಕಣ್ಣಿಗೆ ಬೀಳುತ್ತವೆ. ಇವೇ ಕನಸಿನ ಗುರುತುಗಳು. ಎರಡು ದೇಶಗಳಲ್ಲಿ ಮನೆಯಿರುವ ಮಕ್ಕಳಿಗೆ ಇಂಥ ಗುರುತುಗಳಿಗೆ ಕೊರತೆಯಿರುವುದಿಲ್ಲ. ಊರುಗಳು ಕನಸಿನಲ್ಲಿ ಲಂಗುಲಗಾಮಿಲ್ಲದೆ ಬೆರೆಯುತ್ತವೆ.

ಎರಡನೆಯದು ಹಗಲಿನಲ್ಲಿ ‘ನಾನೀಗ ಕನಸಿನಲ್ಲಿದ್ದೇನೆಯೇ’ ಎಂದು ಪರೀಕ್ಷಿಸುವುದು. ಬಾಯಿ ಮುಚ್ಚಿ, ಮೂಗು ಹಿಡಿದು ಉಸಿರೆಳೆದರೆ ಎಚ್ಚರದಲ್ಲಿ ಉಸಿರು ಬರುವುದಿಲ್ಲ, ಕನಸಿನಲ್ಲಿ ಎಷ್ಟೋ ಸಲ ಬರುತ್ತದೆ. ಬರಹವನ್ನು ಓದಿ, ಕಣ್ಣು ತಿರುಗಿಸಿ ಮತ್ತೆ ಓದಿದರೆ ಕನಸಿನಲ್ಲಿ ಅಕ್ಷರ ಬದಲಾಗಿರುವುದೇ ಹೆಚ್ಚು. (ಕನಸಿನಲ್ಲಿ ಕೆಮಿಸ್ಟ್ರಿ ರಿವಿಷನ್ ಮಾಡುವ ಆಸೆಯಿದ್ದವರು ಇಲ್ಲೇ ಕೈಬಿಡಬಹುದು.) ನೆನಪಿಸಲು ಆ್ಯಪ್‌ಗಳಿವೆ, ಆದರೆ ಇಂಗ್ಲೆಂಡಿನ ಶಾಲೆಗಳಲ್ಲಿ ದಿನವಿಡೀ ಫೋನ್ ಬಳಕೆ ನಿಲ್ಲಿಸುವಂತೆ 2024ರ ಫೆಬ್ರುವರಿಯಲ್ಲಿ ಸರ್ಕಾರ ಮಾರ್ಗಸೂಚಿ ಕೊಟ್ಟಿದೆ. ಪೀರಿಯಡ್ ಬದಲಾಗುವ ಗಂಟೆ, ಬಸ್ಸಿನ ಹಳದಿ ರೀಡರ್‌ಗೆ ಜಿಪ್ ಆಯ್ಸ್ಟರ್ ಕಾರ್ಡ್ ತಾಗಿಸುವ ಕ್ಷಣ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತವೆ. ಯಾಂತ್ರಿಕವಾಗಿ ಮೂಗು ಹಿಡಿದರೆ ಕನಸಿನಲ್ಲೂ ಯಾಂತ್ರಿಕವಾಗಿಯೇ ಹಿಡಿದು ಮುಂದೆ ಹೋಗುತ್ತೇವೆ, ನಿಜವಾಗಿ ಅನುಮಾನಪಡಬೇಕು.

ಶನಿವಾರ, ಹಾಫ್ ಟರ್ಮ್

ಹೆಚ್ಚು ಫಲ ಕೊಡುವ ಕ್ರಮಕ್ಕೆ ನಿದ್ದೆ ಮುರಿಯಬೇಕು. ಐದು ಗಂಟೆ ಮಲಗಿ ಎದ್ದು, ಕೆಲವು ನಿಮಿಷ ಎಚ್ಚರವಾಗಿದ್ದು, ಈಗಷ್ಟೇ ಬಿದ್ದ ಕನಸನ್ನು ನೆನೆಸಿಕೊಂಡು, ‘ಮುಂದಿನ ಸಲ ಕನಸು ಬಿದ್ದಾಗ ಇದು ಕನಸೆಂದು ನೆನಪಿಟ್ಟುಕೊಳ್ಳುತ್ತೇನೆ’ ಎಂದು ಹೇಳಿಕೊಳ್ಳುತ್ತ ಮತ್ತೆ ನಿದ್ದೆಗೆ ಜಾರುವುದು. ಲಬರ್ಜ್ ರೂಪಿಸಿದ ಈ ಕ್ರಮಕ್ಕೆ ಮೈಲ್ಡ್ ಎಂದು ಹೆಸರು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಡೆನ್ಹಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನು ಹಗಲಿನ ಪರೀಕ್ಷೆಯ ಜೊತೆ ಒಂದು ವಾರ ಮಾಡಿದವರಿಗೆ ಶೇ 17ರಷ್ಟು ಯಶಸ್ಸು ಸಿಕ್ಕಿತು. ಹೇಳಿಕೊಂಡ ಐದೇ ನಿಮಿಷದಲ್ಲಿ ನಿದ್ದೆ ಹತ್ತಿದವರಲ್ಲಿ ಅದು ಶೇ 46. ತಂತ್ರದಷ್ಟೇ, ಮತ್ತೆ ಬೇಗ ನಿದ್ದೆ ಹತ್ತುವುದೂ ಮುಖ್ಯವೆಂದಾಯಿತು.

ಶನಿವಾರ ಈಜಿನ ತರಗತಿ, ಭಾನುವಾರ ಕನ್ನಡ ತರಗತಿ, ನಡುವೆ ಟ್ಯೂಷನ್ ಇರುವ ಮನೆಯಲ್ಲಿ ಎರಡರಲ್ಲಿ ಯಾವ ಬೆಳಗ್ಗೆ ಖಾಲಿಯೋ ಅದನ್ನೇ ಆರಿಸಿಕೊಳ್ಳಬೇಕು. ವಾರಕ್ಕೊಂದೇ ಸಲ ಸಾಕು. ನಿಜವಾದ ಸುಗ್ಗಿ ಟರ್ಮ್ ನಡುವಿನ ರಜೆಯಾದ ಹಾಫ್ ಟರ್ಮ್‌ನ ವಾರ ಮತ್ತು ಜುಲೈ ಕೊನೆಯಿಂದ ಶುರುವಾಗುವ ಆರು ವಾರಗಳ ಬೇಸಿಗೆ ರಜೆ.

ಜೂನ್ ಬೆಳಕು, ಡಿಸೆಂಬರ್ ಕತ್ತಲೆ

ಲಂಡನ್ನಿನಲ್ಲಿ ಜೂನ್ ನಡುವೆ ಸೂರ್ಯ 4:45ರ ಹೊತ್ತಿಗೇ ಹುಟ್ಟಿ 9:20ರ ಸುಮಾರಿಗೆ ಮುಳುಗುತ್ತಾನೆ. ಮೇ, ಜೂನ್‌ನ ಪರೀಕ್ಷೆಗಳ ದಿನಗಳಲ್ಲಿ ದಪ್ಪ ಪರದೆ ಇಲ್ಲದ ಕೋಣೆಯಲ್ಲಿ ಬೆಳಗಿನ ನಿದ್ದೆ ತಾನಾಗಿಯೇ ಒಡೆಯುತ್ತದೆ. ಡಿಸೆಂಬರಿನಲ್ಲಿ ಬೆಳಕಾಗುವುದು 8ಕ್ಕೆ, ಮಬ್ಬು ಕವಿಯುವುದು 4ರೊಳಗೆ. ಕ್ರಿಸ್‌ಮಸ್ ರಜೆಯ ಉದ್ದನೆಯ ಕತ್ತಲೆ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು.

ಯಾರಿಗೆ ಬೇಡ

ಪರೀಕ್ಷೆಯ ತಿಂಗಳಲ್ಲಿ ನಿದ್ದೆ ಮುರಿಯುವ ಅಭ್ಯಾಸ ಯಾರಿಗೂ ಬೇಡ. ಎಚ್ಚರ ಕಳೆದುಕೊಳ್ಳದೆ ನೇರವಾಗಿ ಕನಸಿಗೆ ಇಳಿಯುವ ತಂತ್ರದಲ್ಲಿ ಎದೆಯ ಮೇಲೆ ಯಾರೋ ಕೂತಂತೆ ಮೈ ಮರಗಟ್ಟುವ ಅನುಭವ ಆಗಬಹುದು. ಅಪಾಯವಿಲ್ಲ, ಆದರೆ ಹನ್ನೆರಡರ ಮಗುವಿಗೆ ಅದು ದೆವ್ವದಷ್ಟೇ ನಿಜ. ಕನಸನ್ನು ಚುರುಕುಗೊಳಿಸುತ್ತದೆಂದು ಇಂಟರ್‌ನೆಟ್ ಹೊಗಳುವ ಗ್ಯಾಲಂಟಮೈನ್, ಬ್ರಿಟನ್ನಿನಲ್ಲಿ ಆಲ್‌ಝೈಮರ್ ರೋಗಿಗಳಿಗೆ ವೈದ್ಯರು ಬರೆದುಕೊಡುವ ಔಷಧ. ಮಕ್ಕಳ ಕೈಗೆ ಸಿಗಬಾರದು. ನಿಜ ಯಾವುದು, ಕನಸು ಯಾವುದು ಎಂಬ ಗೊಂದಲ ಹಗಲಿನಲ್ಲೂ ಕಾಡುವವರು ಇದರ ತಂಟೆಗೆ ಹೋಗದಿರುವುದು ಒಳ್ಳೆಯದು. ದುಃಸ್ವಪ್ನ ಅಥವಾ ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ ಮೊದಲು ಕುಟುಂಬ ವೈದ್ಯರಾದ ಜಿಪಿಯ ಬಳಿ ಹೋಗಬೇಕು. ಅಗತ್ಯ ಕಂಡರೆ ಅವರೇ ಮುಂದೆ ಕಳಿಸುತ್ತಾರೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬಳಿಯ ಎವಲಿನಾ ಮಕ್ಕಳ ಆಸ್ಪತ್ರೆಯಲ್ಲಿ ನಿದ್ದೆಯ ತೊಂದರೆಗಳಿಗೆಂದೇ ವಿಭಾಗವಿದೆ.