ಟಾರ್ಕ್ ಆರ್ಮ್ ಎಂಬ ಕಬ್ಬಿಣದ ತೋಳಿನ ಕತೆ

ಅಂಬಾಸಿಡರ್ ಕಾರಿನ ಹಿಂಭಾಗಕ್ಕೆ ಬಗ್ಗಿ ನೋಡಿದವರಿಗೆ ಎರಡೂ ಕಡೆ ಲೀಫ್ ಸ್ಪ್ರಿಂಗಿನ ಪಟ್ಟಿಗಳು ಕಂಡಿರುತ್ತವೆ. ಭಾರ ಹೊರುವುದೂ ಅವೇ, ಆಕ್ಸಲನ್ನು ಹಿಡಿದಿಡುವುದೂ ಅವೇ. ನಿಧಾನವಾಗಿ ಹೋಗುವ ಕಾರಿಗೆ ಇಷ್ಟು ಸಾಕು. ಆದರೆ ಮುಂದೆ ದೊಡ್ಡ ವಿ-8 ಎಂಜಿನ್ ಕೂರಿಸಿ ಒಮ್ಮೆಲೇ ಆಕ್ಸಲರೇಟರ್ ತುಳಿದರೆ?

ಚಕ್ರ ಮುಂದಕ್ಕೆ ತಿರುಗುವಾಗ ಆಕ್ಸಲಿನ ಕವಚ ಹಿಂದಕ್ಕೆ ತಿರುಗಲು ನೋಡುತ್ತದೆ. ಡಿಫರೆನ್ಷಿಯಲ್ಲಿನ ಮೂತಿ ಮೇಲೇಳುತ್ತದೆ, ಪಟ್ಟಿ ಸೊಟ್ಟಗಾಗಿ ಮತ್ತೆ ನೆಟ್ಟಗಾಗುತ್ತದೆ, ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತದೆ. 1967ರ ಮೊದಲ ಶೆವರ್ಲೆ ಕಮಾರೋಗೆ ಇದೇ ಕಾಟ. 1968ರಲ್ಲಿ ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲಿನ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು ಹೇಗೋ ಸಂಭಾಳಿಸಿದರು.

ಈ ತಿರುಚುವಿಕೆಯನ್ನು ಪಟ್ಟಿಯ ಬದಲು ಬೇರೆಯದೇ ಒಂದು ಭಾಗ ಹೊರಲಿ ಅನ್ನೋ ಯೋಚನೆ ಹಳೆಯದೇ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಸುತ್ತುವರಿದ ಟಾರ್ಕ್ ಟ್ಯೂಬ್ ಆ ಕೆಲಸ ಮಾಡುತ್ತಿತ್ತು. ಜನರಲ್ ಮೋಟಾರ್ಸ್‌ನವರು 1970ರ ದಶಕದಲ್ಲಿ ವೇಗಾ ಕಾರಿಗೆ ಕೊಳವೆಯ ಬದಲು ಒಂದು ಉದ್ದನೆಯ ತೋಳು ಕೊಟ್ಟರು. 1982ರ ಕಮಾರೋ ಮತ್ತು ಪಾಂಟಿಯಾಕ್ ಫೈರ್‌ಬರ್ಡ್‌ನಲ್ಲಿ ಲೀಫ್ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್, ಜೊತೆಗೆ ಈ ಟಾರ್ಕ್ ಆರ್ಮ್ ಬಂತು. 2002ರಲ್ಲಿ ಆ ಸಾಲು ನಿಲ್ಲುವವರೆಗೂ ಅದೇ ಇತ್ತು. 2010ರ ಮಾದರಿಯಾಗಿ ಕಮಾರೋ ಮರಳಿ ಬಂದಾಗ ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, ತೋಳಿಗೆ ವಿದಾಯ.

ಕೆಲಸ ಸರಳ. ಹಿಂತುದಿ ಡಿಫರೆನ್ಷಿಯಲ್ಲಿಗೆ ಗಟ್ಟಿಯಾಗಿ ಬೋಲ್ಟ್, ಮುಂತುದಿ ಗೇರ್‌ಬಾಕ್ಸಿನ ಬಾಲದ ಹತ್ತಿರ ರಬ್ಬರ್ ಬುಷ್‌ನಲ್ಲಿ. ಮೂತಿ ಮೇಲೇಳಲು ಹೋದರೆ ತೋಳು ಕಾರಿನ ಮೈಯನ್ನು ಮೇಲಕ್ಕೆ ಒತ್ತುತ್ತದೆ, ಅದರ ಪ್ರತಿಫಲವಾಗಿ ಹಿಂದಿನ ಟೈರ್ ನೆಲಕ್ಕೆ ಒತ್ತಿಕೊಳ್ಳುತ್ತದೆ. ಕಾರು ಕುಪ್ಪಳಿಸದೆ ಹೊರಡುತ್ತದೆ!

ಸಮಸ್ಯೆ ಎಲ್ಲಿ ಅಂದರೆ, ಆ ಒತ್ತಡವನ್ನೆಲ್ಲ ತಿನ್ನುವುದು ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಬಾಲ. ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಅಂಟುವ ಟೈರ್ ಹಾಕಿ ಡ್ರ್ಯಾಗ್ ರೇಸಿಗೆ ಇಳಿದವರಿಗೆ ಅದರದೇ ಭಯ. ಹಾಗಾಗಿ ಹೊರಗಿನ ತಯಾರಕರು ಮುಂತುದಿಯನ್ನು ಗೇರ್‌ಬಾಕ್ಸಿನಿಂದ ಬಿಡಿಸಿ ಅಡ್ಡತೊಲೆಗೆ ಕಟ್ಟುವ, ತಗಡಿನ ಬದಲು ಉಕ್ಕಿನ ಕೊಳವೆಯ ತೋಳುಗಳನ್ನು ತಂದರು. ಕೊಳ್ಳುವವನ ತಲೆನೋವು ಶುರುವಾಗುವುದು ಇಲ್ಲೇ :)

ಉದ್ದವೋ, ಗಿಡ್ಡವೋ? ಲೆಕ್ಕ ಹಾಕಿ ನೋಡಿ. ಆಕ್ಸಲಿನಲ್ಲಿ 3000 ನ್ಯೂಟನ್-ಮೀಟರ್ ಟಾರ್ಕ್ ಇದ್ದರೆ 1.5 ಮೀಟರ್ ತೋಳಿನ ತುದಿಯಲ್ಲಿ 2000 ನ್ಯೂಟನ್ ಬಲ, 1 ಮೀಟರ್ ತೋಳಿನಲ್ಲಿ 3000. ಗಿಡ್ಡ ತೋಳು ಟೈರನ್ನು ಹೆಚ್ಚು ಒತ್ತುತ್ತದೆ, ನೇರ ಓಟಕ್ಕೆ ಭೇಷ್. ಆದರೆ ಬ್ರೇಕ್ ಒತ್ತಿದಾಗ ಎಲ್ಲ ತಿರುವುಮುರುವು. ಅದೇ ಬಲ ಹಿಂದಿನ ಆಕ್ಸಲನ್ನು ನೆಲದಿಂದ ಎತ್ತಲು ನೋಡುತ್ತದೆ. ತಿರುವಿಗೆ ಮುಂಚೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕುಪ್ಪಳಿಸಿತು ಅಂದರೆ ಹುಡುಗಾಟವಲ್ಲ, ಕಾರು ಅಡ್ಡ ತಿರುಗಬಹುದು. ತಿರುವುಗಳ ಟ್ರ್ಯಾಕಿಗೆ, ದಿನದ ಓಡಾಟಕ್ಕೆ ಉದ್ದ ತೋಳೇ ಕ್ಷೇಮ.

ಇನ್ನೆರಡು ಮಾತು. ಸ್ಪ್ರಿಂಗ್ ಕೆಳಗೆ ಮೇಲೆ ಆಡುವಾಗ ಮುಂತುದಿ ಸ್ವಲ್ಪ ಹಿಂದೆ ಮುಂದೆ ಜಾರಲೇಬೇಕು. ಅದಕ್ಕೆ ಜಾಗ ಕೊಡದ ತೋಳು ಎಷ್ಟು ಗಟ್ಟಿಯಿದ್ದರೂ ಬೇಡ. ಪಾಲಿಯುರೆಥೇನ್ ಬುಷ್ ರಬ್ಬರಿಗಿಂತ ಗಟ್ಟಿ, ಆದರೆ ಡಿಫರೆನ್ಷಿಯಲ್ಲಿನ ಗುಂಯ್‌ಗುಡುವಿಕೆಯನ್ನೂ ಒಳಗೆ ತರುತ್ತದೆ.

ಗೇರ್‌ಬಾಕ್ಸ್ ಉಳಿಸಲು ಹೋಗಿ ಬ್ರೇಕಿನ ಭರವಸೆ ಕಳೆದುಕೊಂಡರೆ ಲಾಭವೇನು? ಕಾರ್ಖಾನೆಯವರು ಹಾಕಿದ್ದ ಆ ಸಾದಾ ತೋಳು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೊಂದುವಂಥದ್ದು. ಅದನ್ನು ಬಿಚ್ಚುವ ಮುಂಚೆ ನನ್ನ ಕಾರು ನಿಜಕ್ಕೂ ಎಲ್ಲಿ ಓಡುತ್ತದೆ ಅಂತ ಕೇಳಿಕೊಳ್ಳಬೇಕು. ಶಕ್ತಿ ಹೆಚ್ಚಿಸಿದ ಖುಷಿಯಲ್ಲಿ ಮೊದಲು ಮರೆಯುವ ಪ್ರಶ್ನೆ ಅದೇ ಅಲ್ವಾ? ನೀವೇನಂತೀರಿ?