ಸಹಿ ಹಾಕಿದವರೆಷ್ಟು, ಓದಿದವರೆಷ್ಟು?

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ನಮ್ಮ ಕಾರ್ಯಕ್ರಮದ ಚಿತ್ರೀಕರಣ ಮುಗಿಸಿ ಚಹಾ ಕುಡಿಯುತ್ತಿದ್ದೆವು. ಪದವಿ ಓದುವ ಹುಡುಗನೊಬ್ಬ ಬಂದು ಮೊಬೈಲನ್ನು ನನ್ನ ಮುಂದೆ ಹಿಡಿದ. "ಸರ್, ನೀವೂ ಒಂದು ಸಹಿ ಹಾಕ್ರಿ. ಬೆರಳು ಒತ್ತಿದ್ರ ಆತು." ಬೆಳಗಿನ ಬಸ್ಸು ಕಾಲೇಜಿನ ವೇಳೆಗೆ ಮಾನ್ವಿ ಮುಟ್ಟುವುದಿಲ್ಲ ಎಂಬುದು ಆ ಆನ್‌ಲೈನ್ ಅರ್ಜಿಯ ವಿಷಯ. ಅದರಲ್ಲಿ ಆಗಲೇ ನೂರಾರು ಹೆಸರುಗಳಿದ್ದವು. ದುಡಿಯಲು ಬೆಂಗಳೂರಿಗೆ, ಪುಣೆಗೆ ಹೋದವರ ಹೆಸರುಗಳೂ ಇದ್ದವು. ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಫೋನಿನೊಳಗೆ ಇಣುಕಿ ನೋಡಿ, "ಸಹಿ ಹಾಕಿದೋರು ಇಷ್ಟು ಮಂದಿ ಅದಾರ, ಖರೆ. ಓದೋರು ಯಾರು, ತಮ್ಮಾ?" ಎಂದು ಕೇಳಿದರು. ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ.

ಪರದೆಯ ಮೇಲಿನ ಅರ್ಧ ಗಂಟೆಯಲ್ಲಿ ಆ ಪ್ರಶ್ನೆಗೆ ಜಾಗ ಸಿಗಲಿಲ್ಲ. ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಅರ್ಜಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬರೆದವರ ಕಡೆಯಿಂದ ಹೇಳುತ್ತೇವೆ. ಓದಬೇಕಾದವರ ಕಡೆಯಿಂದ ಹೇಳಿದರೆ ಅದು ಬೇರೆಯೇ ಕಥೆಯಾಗುತ್ತದೆ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. ಅದು 1915ರಲ್ಲಿ ಬೆಳಕಿಗೆ ಬಂತು. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ವಿದ್ವಾಂಸರಿಗೆ ಖಚಿತವಾದದ್ದು ಆ ಬಂಡೆಯಿಂದ. ಅದು ದೊರೆ ಪ್ರಜೆಗಳಿಗೆ ಹೇಳಿದ ಮಾತು, ಮೇಲಿನಿಂದ ಕೆಳಗೆ ಬಂದದ್ದು. ಅದೇ ದೊರೆ ಬೇರೆಡೆ ಕೆತ್ತಿಸಿದ ಆರನೆಯ ಬಂಡೆಗಲ್ಲು ಶಾಸನದಲ್ಲಿ ಮಾತು ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿಯಿದೆ. ತಾನು ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ವಿಷಯವನ್ನು ವರದಿಗಾರರು ಯಾವ ಹೊತ್ತಿನಲ್ಲಾದರೂ ತನಗೆ ತಿಳಿಸಬಹುದು ಎಂದು ಅವನು ಅಲ್ಲಿ ಹೇಳಿಸಿದ್ದಾನೆ. ನಡೆದದ್ದು ಎಷ್ಟೋ, ಬಿಟ್ಟದ್ದು ಎಷ್ಟೋ. ಆದರೆ ಕೇಳಿಸಿಕೊಳ್ಳುವ ಹೊಣೆಯನ್ನು ದೊರೆಯೇ ಕಲ್ಲಿನಲ್ಲಿ ಬರೆಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ನಮ್ಮ ಕನ್ನಡ ಶಾಸನಗಳಲ್ಲಿ 'ಬಿನ್ನಪಂಗೆಯ್ದು' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಿನ್ನಪ ಮಾಡಿದವರು ಹೆಚ್ಚಾಗಿ ಮಂತ್ರಿಗಳು, ಸಾಮಂತರು, ಮಠದವರು. ಉಳುವವನ ಬಿನ್ನಪ ಕಲ್ಲಿನ ಮೇಲೆ ಅಪರೂಪ. ರಾಯಚೂರು ನಿಜಾಮರ ಆಳ್ವಿಕೆಗೆ ಸೇರಿದ ಮೇಲೆ ಬಿನ್ನಪ ಅರ್ಜಿಯಾಯಿತು. ಈ ಪದ ಅರಬ್ಬಿಯಿಂದ ಪಾರ್ಸಿಗೆ, ಪಾರ್ಸಿಯಿಂದ ನಮ್ಮ ಬಾಯಿಗೆ ಬಂದದ್ದು. ಕಚೇರಿಯ ಭಾಷೆ ಮೊದಲು ಪಾರ್ಸಿ, ಆಮೇಲೆ ಉರ್ದು. ಕನ್ನಡ ಮಾತ್ರ ಬಲ್ಲ ರೈತ ತನ್ನ ದುಃಖವನ್ನು ಇನ್ನೊಬ್ಬನ ಕೈಯಲ್ಲಿ, ತನಗೆ ಓದಲು ಬಾರದ ಲಿಪಿಯಲ್ಲಿ ಬರೆಸಬೇಕಾಗಿತ್ತು. ಕಾಗದದಲ್ಲಿ ಏನಿದೆ ಎಂಬುದು ಅದಕ್ಕೆ ಹೆಬ್ಬೆಟ್ಟು ಒತ್ತಿದವನಿಗೇ ಗೊತ್ತಿಲ್ಲ! (ಈಗಲೂ ಪೂರ್ತಿ ಓದದೆ ಬೆರಳು ಒತ್ತುವವರಿದ್ದಾರೆ, ಅದು ಬೇರೆ ಮಾತು.)

ಇದೇ ಕಾಲದಲ್ಲಿ ಪಕ್ಕದ ಮೈಸೂರು ಸಂಸ್ಥಾನದಲ್ಲಿ ಒಂದು ಪ್ರಯೋಗ ನಡೆಯಿತು. 1881ರ ಅಕ್ಟೋಬರ್‌ನಲ್ಲಿ, ದಸರೆಯ ಹೊತ್ತಿಗೆ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಸದಸ್ಯರು 144 ಮಂದಿ, ಬಹುಪಾಲು ಜಮೀನುದಾರರು ಮತ್ತು ವರ್ತಕರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ತಮ್ಮ ತಾಲ್ಲೂಕಿನ ಅಹವಾಲು ಮುಂದಿಡಬಹುದಿತ್ತು, ಅಷ್ಟೇ. ಆದರೆ ಅಹವಾಲು ಕೇಳಲು ದಿವಾನರೇ ಎದುರಿಗೆ ಕುಳಿತಿರುತ್ತಿದ್ದರು. ರಾಯಚೂರಿನವರಿಗೆ ಅಂಥ ಸಭೆ ಇರಲಿಲ್ಲ.

ಸಾವಿರಾರು ಜನ ಒಂದೇ ಕಾಗದಕ್ಕೆ ಸಹಿ ಹಾಕಿ ಸರ್ಕಾರವನ್ನು ಬಗ್ಗಿಸಬಹುದು ಎಂಬ ಕಲ್ಪನೆಗೆ ದೊಡ್ಡ ರೂಪ ಬಂದದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ದುಡಿಯುವ ಜನರ ಚಾರ್ಟಿಸ್ಟ್ ಚಳವಳಿ ಆರು ಬೇಡಿಕೆಗಳನ್ನು ಮುಂದಿಟ್ಟಿತ್ತು. ವಯಸ್ಕ ಗಂಡಸರೆಲ್ಲರಿಗೂ ಮತದಾನ, ಗುಪ್ತ ಮತದಾನ, ಸಂಸತ್ ಸದಸ್ಯರಿಗೆ ಸಂಬಳ ಇವು ಅವುಗಳಲ್ಲಿ ಸೇರಿದ್ದವು. 1839 ಮತ್ತು 1842ರ ಅರ್ಜಿಗಳನ್ನು ಸಂಸತ್ತು ತಳ್ಳಿಹಾಕಿತು. 1848ರ ಏಪ್ರಿಲ್‌ನಲ್ಲಿ ಮೂರನೆಯ ಅರ್ಜಿ ಹೋಯಿತು. 57 ಲಕ್ಷ ಸಹಿಗಳಿವೆ ಎಂದು ಮುಖಂಡ ಫಿಯರ್ಗಸ್ ಓ'ಕಾನರ್ ಸಾರಿದ. ಸಂಸತ್ತಿನ ಗುಮಾಸ್ತರು ಕುಳಿತು ಎಣಿಸಿದರು. ಸಿಕ್ಕಿದ್ದು 19,75,496. ಅದರಲ್ಲೂ ವಿಕ್ಟೋರಿಯಾ ರಾಣಿಯ ಸಹಿ ಇತ್ತು, ಡ್ಯೂಕ್ ಆಫ್ ವೆಲಿಂಗ್ಟನ್‌ನ ಸಹಿ ಇತ್ತು, 'ಮೊಂಡು ಮೂಗು' ಎಂಬ ಅಡ್ಡಹೆಸರಿನ ಸಹಿಯೂ ಇತ್ತು!

ಸಂಸತ್ತು ನಕ್ಕಿತು. ಪತ್ರಿಕೆಗಳು ನಕ್ಕವು. ಸ್ವಲ್ಪ ಯೋಚಿಸಿ ನೋಡಿ. ಕೀಟಲೆಯ ಹೆಸರುಗಳನ್ನು ಕಿತ್ತುಹಾಕಿದರೂ ಲಕ್ಷಾಂತರ ಮಂದಿ ದುಡಿಯುವ ಜನ ನಿಜವಾಗಿ ಸಹಿ ಹಾಕಿದ್ದರು. ಓದದೇ ಇರಲು ಕಾರಣ ಹುಡುಕುತ್ತಿದ್ದವರಿಗೆ ಆ ಕೀಟಲೆಯೇ ಕಾರಣವಾಗಿ ಒದಗಿತು. ಬೇಡಿಕೆಗಳಂತೂ ಸಾಯಲಿಲ್ಲ. ಗುಪ್ತ ಮತದಾನ 1872ರಲ್ಲಿ ಬಂತು, ಸದಸ್ಯರ ಸಂಬಳ 1911ರಲ್ಲಿ. ಆರರಲ್ಲಿ ಐದು ಕೊನೆಗೆ ಕಾನೂನಾದವು. ಅಷ್ಟರಲ್ಲಿ ಸಹಿ ಹಾಕಿದ ಬಹುತೇಕರು ತೀರಿಹೋಗಿದ್ದರು.

ನಮ್ಮ ದೇಶದಲ್ಲಿ ಇದಕ್ಕೆ ಹೋಲುವ ಲೆಕ್ಕವೊಂದು ಕನ್ನಡಿಗರೆಲ್ಲರ ಬದುಕಿಗೆ ಸಂಬಂಧಿಸಿದ್ದು. 1953ರ ಡಿಸೆಂಬರ್‌ನಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗ ಜನರಿಂದ ಅಭಿಪ್ರಾಯ ಕೇಳಿತು. ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಇದ್ದ ಆ ಆಯೋಗಕ್ಕೆ ಬಂದ ಕಾಗದಗಳು 1,52,250. ಆಲೋಚಿಸಿ ಬರೆದ ಮನವಿಗಳು ಸುಮಾರು ಎರಡು ಸಾವಿರ ಮಾತ್ರ ಎಂದು ಆಯೋಗವೇ ತನ್ನ 1955ರ ವರದಿಯಲ್ಲಿ ಹೇಳಿತು. ಉಳಿದವು ಹೆಚ್ಚಾಗಿ ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ಹೇಳುವ ತಂತಿಗಳು, ಠರಾವುಗಳು. ವಿಜ್ಞಾನ ಓದಿದವನಾದ ನನಗೆ ಇದು ಗದ್ದಲದ ನಡುವೆ ಸಂಕೇತವನ್ನು ಹುಡುಕುವ ಕೆಲಸದಂತೆ ಕಾಣುತ್ತದೆ. ಹಾಗೆಂದು ಗದ್ದಲ ವ್ಯರ್ಥವೇ? ಒಂದೂವರೆ ಲಕ್ಷ ಕಾಗದಗಳು ಜನ ಎಚ್ಚರವಾಗಿದ್ದಾರೆ ಎಂದು ತೋರಿಸಿದವು. ಎರಡು ಸಾವಿರ ಮನವಿಗಳು ಏನು ಬೇಕು, ಏಕೆ ಬೇಕು ಎಂದು ತಿಳಿಸಿದವು. ಆಯೋಗ ಅಷ್ಟಕ್ಕೇ ನಿಲ್ಲದೆ ದೇಶ ಸುತ್ತಿ ಒಂಬತ್ತು ಸಾವಿರ ಜನರನ್ನು ಮುಖತಃ ಕೇಳಿತು. 1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗ ಮತ್ತು ಬೀದರ್ ಹೈದರಾಬಾದ್ ರಾಜ್ಯದಿಂದ ಬಂದು ಕನ್ನಡ ನಾಡನ್ನು ಸೇರಿದವು.

ಸೇರಿದರೂ ಹಿಂದುಳಿಯುವುದು ತಪ್ಪಲಿಲ್ಲ. ಇದೇ ನಿಜಾಮರ ಆಳ್ವಿಕೆಯಲ್ಲಿದ್ದ ತೆಲಂಗಾಣವನ್ನೂ ಒಳಗೊಂಡ ಆಂಧ್ರಪ್ರದೇಶಕ್ಕೆ ಸಂವಿಧಾನದ 371(ಡಿ) ವಿಧಿ 1970ರ ದಶಕದಲ್ಲೇ ಸಿಕ್ಕಿತ್ತು. ಕೃಷ್ಣೆಯ ಈ ದಡದವರಿಗೆ ಅಂಥದ್ದೇನೂ ಇರಲಿಲ್ಲ. ನಮಗೂ ಬೇಕೆಂದು ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಸಭೆ, ಧರಣಿ, ಬಂದ್ ನಡೆಸಿದರು. ಮನವಿ ಪತ್ರಗಳ ಕಟ್ಟುಗಳೇ ದೆಹಲಿಗೆ ಹೋದವು. ಈ ನಡುವೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು ಎಂದು ಅದು ಅಳೆದು ಹೇಳಿತು. ದೇವದುರ್ಗ ಮತ್ತು ಮಾನ್ವಿ ಎರಡೂ ಆ ಪಟ್ಟಿಯಲ್ಲಿವೆ.

ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದು. ಅಲ್ಲಿಯವರೆಗೆ 'ನಾವು ಹಿಂದುಳಿದವರು' ಎಂಬುದು ಅಳಲಾಗಿತ್ತು. ಆ ಮೇಲೆ ಅದು ಅಳತೆಯಾಯಿತು. ಅಳಲನ್ನು ಪಕ್ಕಕ್ಕೆ ಸರಿಸಬಹುದು. ಸರ್ಕಾರವೇ ನೇಮಿಸಿದ ಸಮಿತಿಯ ಅಳತೆಯನ್ನು ಸರಿಸುವುದು ಅಷ್ಟು ಸುಲಭವಲ್ಲ. ಆದರೂ ಹತ್ತು ವರ್ಷ ಹಿಡಿಯಿತು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನದ 98ನೆಯ ತಿದ್ದುಪಡಿಗೆ ಒಪ್ಪಿತು, 371(ಜೆ) ವಿಧಿ ಬಂತು. ಇಂದು ರಾಯಚೂರಿನ ವಿದ್ಯಾರ್ಥಿ ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಸೀಟಿಗೆ ಅರ್ಜಿ ಹಾಕುವಾಗ ಜೊತೆಗಿಡುವ ಆ ಪ್ರಮಾಣಪತ್ರದ ಹಿಂದೆ ಇಷ್ಟು ಚರಿತ್ರೆಯಿದೆ.

ಇನ್ನು ಆನ್‌ಲೈನ್ ಅರ್ಜಿ. ಚೇಂಜ್ ಡಾಟ್ ಆರ್ಗ್ ಎಂಬ ತಾಣ ಅಮೆರಿಕದಲ್ಲಿ 2007ರಲ್ಲಿ ಶುರುವಾಯಿತು. ಅದು ಖಾಸಗಿ ಸಂಸ್ಥೆ ಎಂಬುದನ್ನು ಮರೆಯಬಾರದು. ಅಲ್ಲಿ ಬಿದ್ದ ಸಹಿಯನ್ನು ಓದಲೇಬೇಕೆಂಬ ಕಟ್ಟುಪಾಡು ನಮ್ಮ ಯಾವ ಕಚೇರಿಗೂ ಇಲ್ಲ. ಬ್ರಿಟನ್ನಿನ ಸಂಸತ್ತು ತಾನೇ ಒಂದು ತಾಣ ನಡೆಸುತ್ತದೆ. ಅಲ್ಲಿ ಹತ್ತು ಸಾವಿರ ಸಹಿಯಾದರೆ ಸರ್ಕಾರ ಉತ್ತರ ಕೊಡುತ್ತದೆ, ಒಂದು ಲಕ್ಷವಾದರೆ ಚರ್ಚೆಗೆ ಪರಿಗಣಿಸುತ್ತಾರೆ. ನಮ್ಮ ಲೋಕಸಭೆಯಲ್ಲಿ ಅರ್ಜಿಗಳ ಸಮಿತಿ ಇದೆ. ಆದರೆ ಸದನಕ್ಕೆ ಮಂಡಿಸುವ ಅರ್ಜಿಗೆ ಒಬ್ಬ ಸದಸ್ಯರ ಮೇಲುರುಜು ಬೇಕು. ಮೊಬೈಲಿನ ಸಹಿ ತಾನಾಗಿ ಅಲ್ಲಿಗೆ ಹೋಗಿ ಮುಟ್ಟುವುದಿಲ್ಲ.

ಹಾಗಾದರೆ ಮುಟ್ಟಿದ್ದು ಯಾವಾಗ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2015ರ ಮಾರ್ಚ್‌ನಲ್ಲಿ ಅಂತರ್ಜಾಲ ಸೇವೆಗಳ ಬಗ್ಗೆ ಇಪ್ಪತ್ತು ಪ್ರಶ್ನೆಗಳ ಪತ್ರವೊಂದನ್ನು ಹೊರಡಿಸಿ ಸಾರ್ವಜನಿಕರ ಉತ್ತರ ಕೇಳಿತು. ಹತ್ತು ಲಕ್ಷದಷ್ಟು ಇ-ಮೇಲ್ ಬಂದವು. ಸ್ವಯಂಸೇವಕರು ಪ್ರಶ್ನೆಗಳಿಗೆ ಉತ್ತರ ಸಿದ್ಧಮಾಡಿ ಹಂಚಿದ್ದರು. (ಟ್ರಾಯ್ ಅವನ್ನು ಪ್ರಕಟಿಸುವಾಗ ಕಳುಹಿಸಿದವರ ಇ-ಮೇಲ್ ವಿಳಾಸಗಳನ್ನೂ ಪ್ರಕಟಿಸಿಬಿಟ್ಟಿತು! ಸಹಿ ಎಂದರೆ ನಮ್ಮ ವಿವರವನ್ನು ಇನ್ನೊಬ್ಬರ ಕೈಗೆ ಕೊಡುವುದು ಎಂಬುದು ನೆನಪಿರಲಿ.) ಅದೇ ವರ್ಷದ ಕೊನೆಗೆ ಇನ್ನೊಂದು ಸುತ್ತು ನಡೆಯಿತು. ಫೇಸ್‌ಬುಕ್ ಸಂಸ್ಥೆ ತನ್ನ 'ಫ್ರೀ ಬೇಸಿಕ್ಸ್' ಯೋಜನೆಯ ಪರವಾಗಿ ಬಳಕೆದಾರರಿಂದ ಒಂದೇ ಅಚ್ಚಿನ ಪತ್ರಗಳನ್ನು ಲಕ್ಷಗಟ್ಟಲೆ ಕಳುಹಿಸಿತು. ಕೇಳಿದ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ ಎಂದು ಟ್ರಾಯ್ ಹೇಳಿತು. 2016ರ ಫೆಬ್ರವರಿ 8ರಂದು, ತಾಣಕ್ಕೊಂದು ದರ ವಿಧಿಸುವುದನ್ನು ಅದು ನಿಷೇಧಿಸಿತು. ಪತ್ರದ ಅಚ್ಚು ಎರಡೂ ಕಡೆ ಇತ್ತು. ಉತ್ತರ ಇದ್ದದ್ದು ಒಂದು ಕಡೆ.

ಅದೇ 2016ರಲ್ಲಿ ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಬಂತು. ಉದ್ದ 6.7 ಕಿಲೋಮೀಟರ್, ಕಡಿಯಬೇಕಾದ ಮರಗಳು ಎಂಟು ನೂರಕ್ಕೂ ಹೆಚ್ಚು. ಜನಾಭಿಪ್ರಾಯ ಕೇಳಿದ್ದೇವೆ, 299 ಮಂದಿ ಬರೆದಿದ್ದಾರೆ, ಅವರಲ್ಲಿ ಶೇಕಡಾ 73 ಮಂದಿ ಪರವಾಗಿದ್ದಾರೆ ಎಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೇಳಿತು. ಲಕ್ಷಗಟ್ಟಲೆ ಜನರಿರುವ ಊರಿನಲ್ಲಿ 299! ಆನ್‌ಲೈನ್ ಅರ್ಜಿಗೆ ಸಹಿಗಳು ಹರಿದುಬಂದವು. ಆದರೆ ಅಷ್ಟಕ್ಕೇ ಯಾರೂ ನಿಲ್ಲಲಿಲ್ಲ. ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಬದಿಯಲ್ಲಿ ಕೈ ಕೈ ಹಿಡಿದು ನಿಂತರು. ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು, ತಡೆಯಾಜ್ಞೆ ಬಂತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಬೆಂಗಳೂರಿನ ಮಾತು ಬೇಗ ಕೇಳಿಸುತ್ತದೆ, ರಾಯಚೂರಿನದು ತಡವಾಗಿ. ನಂಜುಂಡಪ್ಪ ವರದಿ ರಾಯಚೂರಿಗೆ ಐಐಟಿ ಕೊಡಿ ಎಂದಿತ್ತು. 2016ರಲ್ಲಿ ಅದು ಧಾರವಾಡದಲ್ಲಿ ಆರಂಭವಾಯಿತು. ಆ ನೋವಿನಿಂದಲೇ ಏಮ್ಸ್ ಆಸ್ಪತ್ರೆಯಾದರೂ ಇಲ್ಲಿಗೆ ಬರಲಿ ಎಂದು 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಧರಣಿ ಶುರುವಾಯಿತು. ಮನವಿಗಳು ಹೋದವು. ರಾಜ್ಯ ಸರ್ಕಾರವೂ ರಾಯಚೂರಿನ ಹೆಸರನ್ನೇ ಕೇಂದ್ರಕ್ಕೆ ಬರೆಯಿತು. 2025ರ ಫೆಬ್ರವರಿಯಲ್ಲಿ ಧರಣಿ ಸಾವಿರ ದಿನ ದಾಟಿದಾಗಲೂ ಮಂಜೂರಾತಿ ಬಂದಿರಲಿಲ್ಲ. ಸಾವಿರ ದಿನ ಎಂದರೆ ಒಬ್ಬ ಹುಡುಗಿ ಪದವಿಗೆ ಸೇರಿ ಮುಗಿಸುವಷ್ಟು ಕಾಲ. ಇವರ ಬಳಿ ಅಳತೆ ಇದೆ, ಜನ ಇದ್ದಾರೆ, ತಾಳ್ಮೆಯೂ ಇದೆ. ಉತ್ತರ ಕೊಡಬೇಕಾದ ಗಡುವು ಮಾತ್ರ ಎದುರಿನವರಿಗೆ ಇಲ್ಲ.

ಹಿರೇಕೊಟ್ನೆಕಲ್‌ನ ಆ ಹುಡುಗನ ಅರ್ಜಿಯನ್ನು ನಾನು ಪೂರ್ತಿ ಓದಿದೆ. 'ನಮಗೆ ನ್ಯಾಯ ಕೊಡಿ' ಎಂದಿತ್ತು. ಯಾರಿಗೆ ಬರೆದದ್ದೆಂದು ಇರಲಿಲ್ಲ, ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದೂ ಇರಲಿಲ್ಲ. ಸಹಿ ಹಾಕುವ ಮೊದಲು ಈ ಎರಡನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. ತಿಂಗಳ ಮೇಲೆ ಅವನಿಂದ ಒಂದು ಚಿತ್ರ ಬಂತು. ನೋಟುಬುಕ್ಕಿನ ಹಾಳೆಯಲ್ಲಿ ಗೆರೆ ಎಳೆದು ದಿನಾಂಕ, ಬಸ್ಸು ಬಂದ ಹೊತ್ತು, ಮಾನ್ವಿ ಮುಟ್ಟಿದ ಹೊತ್ತು, ತಪ್ಪಿದ ತರಗತಿ ಎಂದು ಬರೆದಿದ್ದರು. ಬೇರೆ ಬೇರೆ ಕೈಬರಹಗಳಿದ್ದವು, ಸರದಿಯಂತೆ ಬರೆಯುತ್ತಿದ್ದಾರೆಂದು ಕಾಣುತ್ತದೆ. ಕೆಳಗೆ ಡಿಪೋ ಮ್ಯಾನೇಜರರಿಗೆ ಕೊಟ್ಟ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಇತ್ತು. ಕಟ್ಟೆಯ ಮೇಲಿನ ತಾತನಿಗೂ ತೋರಿಸಿದೆವು ಎಂದು ಬರೆದಿದ್ದ.